ಭತ್ತದ ಖಾತೆ, ಪಾಠದ ಫೀ

ಗಂಗಾವತಿಯಲ್ಲಿ ಸಂಗೀತ ಪಾಠ ಹೇಳುವವನ ಕೈಗೆ ಫೀ ಯಾವಾಗ ಬರುತ್ತದೆ? ಎಡದಂಡೆ ಕಾಲುವೆಗೆ ನೀರು ಬಿಟ್ಟು, ನಾಟಿ ಮುಗಿದು, ಭತ್ತ ಕೊಯ್ದು ಮಾರಿದ ಮೇಲೆ. ಒಂದನೇ ತಾರೀಕು, ಐದನೇ ತಾರೀಕು ಅನ್ನೋದೆಲ್ಲ ಸಂಬಳದವರ ಮನೆಗೆ ಸರಿ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಹರಿದ ಮೇಲೆ ಈ ಸೀಮೆಯ ದುಡ್ಡೆಲ್ಲ ಭತ್ತದ ಬೆನ್ನು ಹತ್ತಿಯೇ ಓಡಾಡುತ್ತದೆ. ಮದುವೆ, ಮನೆ ಕಟ್ಟೋದು, ಮಗಳ ಹಾಡಿನ ಪಾಠ, ಎಲ್ಲವೂ.

ಡ್ಯಾಮಿನಲ್ಲಿ ನೀರಿದ್ದು ಎರಡು ಬೆಳೆ ಆದ ವರ್ಷ ನನ್ನ ಪಡಸಾಲೆ ತುಂಬುತ್ತದೆ. ಎರಡನೇ ಬೆಳೆಗೆ ನೀರಿಲ್ಲ ಅಂದ ವರ್ಷ ಮೊದಲು ನಿಲ್ಲೋದು ಟ್ಯೂಷನ್ ಅಲ್ಲ, ಸಂಗೀತ. ಅದರಲ್ಲಿ ತಪ್ಪು ಹುಡುಕೋಕೆ ನನಗೆ ಮನಸ್ಸಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ಪಾಠಕ್ಕೆ ಬಂದ ಮಕ್ಕಳ ಬಾಯಲ್ಲೂ ಗೇಟಿನ ಮಾತೇ. ಕಣ್ಣೆದುರೇ ನೀರು ಹೊಳೆಗೆ ಹೋಗುತ್ತಿತ್ತು. ಗದ್ದೆಯಲ್ಲಿ ಸಸಿ ನಿಂತಿತ್ತು. ತಾತ್ಕಾಲಿಕ ಗೇಟ್ ಕೂರಿಸಿದ ಸುದ್ದಿ ಬರುವವರೆಗೆ ಫೀ ಮಾತನ್ನ ಯಾವ ಬಾಯಿಂದ ಎತ್ತೋದು?

ನಾನು ಬೆಳಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಒಂದು ಅಡತಿ ಅಂಗಡಿಯಲ್ಲಿ, ಅಂದರೆ ರೈತರ ಭತ್ತವನ್ನ ಕಮಿಷನ್ನಿಗೆ ಮಾರಿಸಿಕೊಡುವ ಅಂಗಡಿಯಲ್ಲಿ, ಲೆಕ್ಕ ಬರೆಯುತ್ತೇನೆ. ಸಂಜೆ ಮತ್ತು ಭಾನುವಾರ ಮನೆಯಲ್ಲಿ ಹಿಂದೂಸ್ತಾನಿ ಗಾಯನ, ಜೊತೆಗೆ ಪೇಟಿ ಕಲಿಸುತ್ತೇನೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಹೇಳೋದು. ಅಂಗಡಿಯ ಸಂಬಳದಲ್ಲಿ ಮನೆ ಬಾಡಿಗೆ, ರೇಷನ್, ಮಗನ ಸ್ಕೂಲು ಆಗುತ್ತದೆ. ಆಸ್ಪತ್ರೆ, ಹಬ್ಬ, ಬಟ್ಟೆ, ತಂಗಿಯ ಮನೆಯ ಕಾರ್ಯ, ಇದೆಲ್ಲ ಪಾಠದ ದುಡ್ಡಿನಲ್ಲಿ. ಹಾಗಾಗಿ ಇದು ಹವ್ಯಾಸವಲ್ಲ. ಯಾರಾದರೂ 'ಸಂಜೆ ಟೈಮ್ ಪಾಸಿಗೆ ಕಲಿಸ್ತೀರೇನ್ರಿ' ಅಂದಾಗ ನಾನು ಅಲ್ಲೇ ತಿದ್ದುತ್ತೇನೆ. ಇದು ನನ್ನ ಎರಡನೇ ದುಡಿಮೆ. ಕೆಲವು ತಿಂಗಳು ಮೊದಲನೆಯದು.

ಫೀ ತಗೊಳ್ಳುವ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಯಾಕಂದರೆ ಈ ಭಾಗದಲ್ಲಿ ಸಂಗೀತಕ್ಕೆ ದುಡ್ಡು ಕೇಳೋದು ಅಂದರೆ ಒಂದು ಥರ ಸಂಕೋಚದ ವಿಷಯ. ಹೋದ ವರ್ಷ ಒಬ್ಬ ತಂದೆ ಬಹಳ ವಿನಯದಿಂದಲೇ ಹೇಳಿದರು: 'ತಪ್ಪು ತಿಳ್ಕೋಬ್ಯಾಡ್ರಿ ಸರ. ಗದಗಿನ್ಯಾಗ ಅಜ್ಜಾರು ಒಂದು ರೂಪಾಯಿ ಇಸ್ಕೊಳ್ಳದ ಸಾವಿರಾರು ಮಂದಿಗೆ ಕಲಿಸಿದ್ರು ನೋಡ್ರಿ.'

ನಿಜ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಮಾಡಿದ ಕೆಲಸಕ್ಕೆ ಸರಿಸಾಟಿ ಇಲ್ಲ. ಕಣ್ಣಿಲ್ಲದ ಮಕ್ಕಳು, ಬಡವರ ಮಕ್ಕಳು, ಅನಾಥರು, ಯಾವ ಜಾತಿ ಅಂತ ಕೇಳದೆ ಊಟ ಹಾಕಿ, ಜಾಗ ಕೊಟ್ಟು, ಸ್ವರ ಕಲಿಸಿದರು. ಇವತ್ತು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಪೇಟಿ ಹಿಡಿದು ಕೂತ ಯಾರನ್ನ ಕೇಳಿದರೂ ಒಂದೆರಡು ತಲೆಮಾರು ಹಿಂದೆ ಗದಗಿನ ನಂಟು ಸಿಗುತ್ತದೆ. ನನ್ನ ಗುರುಗಳೂ ಅಲ್ಲೇ ಉಂಡು ಅಲ್ಲೇ ಕಲಿತವರು.

ಆದರೆ ಆ ಉಚಿತ ಪಾಠದ ಹಿಂದೆ ಎಷ್ಟು ಜನರ ದುಡಿಮೆ ಇತ್ತು ಅನ್ನೋದನ್ನ ನಾವು ಮರೆಯಬಾರದು. ಆಶ್ರಮ ನಡೆಸೋಕೆ ಅವರು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಪುಟ್ಟರಾಜರೇ ನಾಟಕ ಬರೆದರು. ಹಳ್ಳಿಹಳ್ಳಿಯ ಭಕ್ತರು ಜೋಳ, ಅಕ್ಕಿ, ಬೇಳೆ ಕೊಟ್ಟರು. ತುಲಾಭಾರ ಮಾಡಿಸಿದರು. 2010ರಲ್ಲಿ ಅವರು ತೀರಿಹೋಗುವವರೆಗೂ ಆ ದೊಡ್ಡ ಸಂಸಾರ ನಡೆದದ್ದು ಹಾಗೆ. ಕಲಿಯುವ ಮಗು ಕೊಡಲಿಲ್ಲ, ನಾಡು ಕೊಟ್ಟಿತು. ನನ್ನ ಮನೆಯ ಹಿಂದೆ ಹಾಗೆ ಕೊಡುವ ನಾಡಿಲ್ಲ. ಬಾಡಿಗೆ ಮನೆ, ಒಂದು ಪೇಟಿ, ಒಂದು ಜೊತೆ ತಬಲಾ, ಇಷ್ಟೇ. ಆ ತಂದೆಗೂ ಇದನ್ನೇ ಹೇಳಿದೆ. ಅವರು ಕೇಳಿಸಿಕೊಂಡರು. ಮಗಳು ಈಗಲೂ ಬರುತ್ತಾಳೆ, ಫೀ ಕೊಟ್ಟು.

ಲಾಹೋರಿನ ಗಾಂಧರ್ವ ಮಹಾವಿದ್ಯಾಲಯದ ಕಥೆಯೂ ಇಂಥದ್ದೇ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಅದನ್ನ ಶುರು ಮಾಡಿದಾಗ, ರಾಜರ ಆಸ್ಥಾನ ಬಿಟ್ಟು ಸಾಮಾನ್ಯ ಜನರ ದುಡ್ಡಿನಲ್ಲಿ ಸಂಗೀತ ಶಾಲೆ ನಡೆಸೋದು ಹೊಸ ಮಾತು. ಅವರು ಕಛೇರಿ ಮಾಡಿ ಬಂದ ಹಣವನ್ನೆಲ್ಲ ಶಾಲೆಗೆ ಸುರಿದರು. ಕೊನೆಗೆ ಮುಂಬೈಯಲ್ಲಿ ಶಾಲೆಗೆ ಅಂತ ಕಟ್ಟಿಸಿದ ಕಟ್ಟಡ ಸಾಲಕ್ಕೆ ಹೋಯಿತು. ಅಷ್ಟು ದೊಡ್ಡವರ ಹೆಸರಿದ್ದೂ ಖರ್ಚು ಖರ್ಚೇ.

ಇನ್ನು ನನ್ನ ಗುರುಗಳ ಮಾತು. ಆಶ್ರಮದಿಂದ ಬಂದ ಮೇಲೆ ಅವರು ಸ್ವಲ್ಪ ವರ್ಷ ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರಾಗಿದ್ದರು. ಆಮೇಲೆ ಊರಿಗೆ ಬಂದು ನಮ್ಮಂಥ ಹುಡುಗರಿಗೆ ಹೇಳಿಕೊಟ್ಟರು. ಫೀ ಅಂತ ಬಾಯಿ ಬಿಟ್ಟವರೇ ಅಲ್ಲ. ನಾವು ಸುಗ್ಗಿಯಲ್ಲಿ ಒಂದು ಚೀಲ ಭತ್ತ, ಯುಗಾದಿಗೆ ಒಂದು ಪಂಚೆ, ಗುರುಪೂರ್ಣಿಮೆಗೆ ಕಾಯಿ ಕರ್ಪೂರ ಕೊಟ್ಟು ನಮಸ್ಕಾರ ಮಾಡುತ್ತಿದ್ದೆವು. ಅದೇ ದೊಡ್ಡದು ಅಂದುಕೊಂಡಿದ್ದೆವು. ಒಂದು ಮಳೆಗಾಲ ಪಾಠಕ್ಕೆ ಹೋದರೆ ಪೇಟಿ ಇರಲಿಲ್ಲ. 'ರಿಪೇರಿಗೆ ಕೊಟ್ಟೀನಿ' ಅಂದರು. ಬರೀ ಕೈತಾಳದಲ್ಲಿ ಪಾಠ ನಡೆಯಿತು. ಪೇಟಿ ಒತ್ತೆಗೆ ಹೋಗಿತ್ತು ಅಂತ ಗೊತ್ತಾಗಿದ್ದು ಬಹಳ ತಡವಾಗಿ, ಗುರುಗಳು ತೀರಿಹೋದ ಮೇಲೆ, ಅವರ ಹೆಂಡತಿ ಅಮ್ಮನವರ ಬಾಯಿಂದ. ನಾನು ಪಾಠ ಶುರು ಮಾಡುತ್ತೇನೆ ಅಂತ ಆಶೀರ್ವಾದ ತಗೊಳ್ಳೋಕೆ ಹೋದಾಗ ಅಮ್ಮನವರು ಒಂದೇ ಮಾತು ಹೇಳಿದರು: 'ನೀನರ ಕೇಳಿ ತಗೋಪಾ.'

ಅದಕ್ಕೇ ನಾನು ಕೇಳಿ ತಗೊಳ್ಳುತ್ತೇನೆ. ಮೊದಲ ದಿನವೇ, ಮಗುವಿನ ದನಿ ಕೇಳುವುದಕ್ಕೆ ಮುಂಚೆ, ತಂದೆ ತಾಯಿಗೆ ಇಷ್ಟು ಅಂತ ಹೇಳುತ್ತೇನೆ. ವಾರಕ್ಕೆ ಎರಡು ದಿನ, ನಾಲ್ಕೈದು ಮಕ್ಕಳ ಗುಂಪು, ತಿಂಗಳಿಗೆ 600 ರೂಪಾಯಿ ಇತ್ತು, ಈ ಜೂನಿನಿಂದ 700. ಒಬ್ಬರಿಗೇ ಹೇಳಬೇಕು ಅಂದರೆ 1200. ಮನೆಗೆ ಬಂದು ಕಲಿಸಿ ಅಂದರೆ ಅದಕ್ಕಿಂತ ಜಾಸ್ತಿ. ಹೋಗಿ ಬರುವ ಹೊತ್ತಿನಲ್ಲಿ ಇನ್ನೊಂದು ಗುಂಪಿನ ಪಾಠ ಮುಗಿಯುತ್ತದೆ ಅಲ್ವಾ? ಅಣ್ಣ ತಂಗಿ ಇಬ್ಬರೂ ಬಂದರೆ ಎರಡನೆಯವರಿಗೆ ಅರ್ಧ. ಮಗು ತಪ್ಪಿಸಿದರೆ ಫೀ ಕಡಿಮೆಯಿಲ್ಲ. ನಾನು ತಪ್ಪಿಸಿದರೆ ಭಾನುವಾರ ಹೇಳಿಕೊಡುತ್ತೇನೆ.

ಹೊಸದಾಗಿ ಕಲಿಸೋಕೆ ಹೊರಟವರಿಗೆ ನಾನು ಹೇಳೋದು ಇಷ್ಟು. 12 ತಿಂಗಳ ಲೆಕ್ಕ ಹಾಕಬೇಡಿ. 8 ತಿಂಗಳು ಅಂತ ಹಾಕಿ. ಫೆಬ್ರವರಿ ಬಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ನಿಂತುಬಿಡುತ್ತಾರೆ. ಮಾರ್ಚಿನಲ್ಲಿ ಸಣ್ಣ ಮಕ್ಕಳೂ. ಮೇ ತಿಂಗಳ ಬಿಸಿಲಿನಲ್ಲಿ ಎಲ್ಲರೂ ಅಜ್ಜಿಯ ಊರಿಗೆ. ಅಕ್ಟೋಬರಿನಲ್ಲಿ ದಸರಾ ರಜೆ. ಶ್ರಾವಣದಲ್ಲಿ ಮಾತ್ರ ಬೇರೆ ದಾರಿ ತೆರೆಯುತ್ತದೆ. ನಮ್ಮ ಕಡೆ ಮಠಗಳಲ್ಲಿ, ಗುಡಿಗಳಲ್ಲಿ ತಿಂಗಳಿಡೀ ಪುರಾಣ ನಡೆಯುತ್ತದೆ. ಶಾಸ್ತ್ರಿಗಳು ಹೇಳುತ್ತಾರೆ, ಗವಾಯಿ ಹಾಡುತ್ತಾರೆ, ಜೊತೆಗೆ ತಬಲಾ. ಗದಗಿನಲ್ಲಿ ಕಲಿತ ಎಷ್ಟೋ ಜನರಿಗೆ ಈ ಒಂದು ತಿಂಗಳ ಸಂಭಾವನೆಯೇ ವರ್ಷದ ದೊಡ್ಡ ದುಡ್ಡು. ರಾತ್ರಿ ಪುರಾಣ, ಬೆಳಗ್ಗೆ ಅಂಗಡಿ, ಸಂಜೆ ಪಾಠ. ಮೂರೂ ಸೇರಿದರೆ ದನಿ ಒಡೆಯುತ್ತದೆ. ನಾನು ಹತ್ತಿರದ ಊರಿನ ಪುರಾಣ ಮಾತ್ರ ಒಪ್ಪುತ್ತೇನೆ.

ಇನ್ನು ಕಲಿಸುವ ವಿಷಯ. ಇಲ್ಲಿನ ಮನೆಗಳು ಒಂದೇ ಥರ ಇಲ್ಲ. ಕೆಲವರಿಗೆ ಮಗಳು ವಚನ ಹಾಡಬೇಕು. ಕೆಲವರಿಗೆ ದಾಸರ ಪದ. ವಿಜಯದಾಸರು, ಜಗನ್ನಾಥದಾಸರು ಇದ್ದದ್ದು ಪಕ್ಕದ ಮಾನ್ವಿ ಸೀಮೆಯಲ್ಲೇ, ಹಾಗಾಗಿ ಆ ಮನೆಗಳಲ್ಲಿ ಪದಗಳು ಅಡುಗೆಮನೆಯಲ್ಲೇ ಇರುತ್ತವೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪಿನ ತೆಲುಗು ಮನೆಯವರಿಗೆ ಅನ್ನಮಯ್ಯನ ಕೀರ್ತನೆ ಬೇಕು. ಅವರು ಬಂದಾಗ ನಾನು ನೇರವಾಗಿ ಹೇಳುತ್ತೇನೆ: ನನಗೆ ಗೊತ್ತಿರೋದು ಹಿಂದೂಸ್ತಾನಿ. ಕರ್ನಾಟಕ ಸಂಗೀತಕ್ಕೆ ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ನೋಡಿ. ಎರಡರಲ್ಲೂ ಸರಿಗಮ ಇದೆ ಅಂತ 'ಎರಡೂ ಕಲಿಸಲಾಗುವುದು' ಅಂತ ಬೋರ್ಡು ಹಾಕುವವರು ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಮಾಯಾಮಾಳವಗೌಳದ ಸರಳೆ ವರಸೆಯಲ್ಲಿ ಒಂದು ಸ್ವರವನ್ನ ತೂಗುವ ರೀತಿಯೇ ಬೇರೆ. ಗೊತ್ತಿಲ್ಲದ್ದನ್ನ ಕಲಿಸಿದರೆ ಆ ಮಗುವಿನ ಗಂಟಲಿನಲ್ಲಿ ತಪ್ಪು ಕೂತುಬಿಡುತ್ತದೆ, ಅದನ್ನ ಬಿಡಿಸೋಕೆ ಮುಂದಿನ ಗುರು ವರ್ಷಗಟ್ಟಲೆ ಒದ್ದಾಡಬೇಕು. ಹಾಗೆ ಹೇಳಿ ಕಳಿಸಿದ ಮೇಲೂ ಕೆಲವರು ತಿರುಗಿ ಬಂದು 'ನಿಮ್ಮದೇ ಕಲಿಸ್ರಿ' ಅನ್ನುತ್ತಾರೆ. ಆಗ ಖುಷಿಯಿಂದ ಕಲಿಸುತ್ತೇನೆ.

ಮೊದಲ ರಾಗ ಭೂಪ. ಐದೇ ಸ್ವರ, ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಮಕ್ಕಳಿಗೆ ಬೇಗ ಹಿಡಿಸುತ್ತದೆ. ಕಷ್ಟ ಶುರುವಾಗೋದು ಗಾಂಧಾರದಲ್ಲಿ. ಭೂಪದ ಜೀವ ಅಲ್ಲೇ ಇದೆ. ಈಗ ಬರುವ ಮಕ್ಕಳಲ್ಲಿ ಒಬ್ಬ ಹುಡುಗಿ, ಏಳನೇ ಕ್ಲಾಸು. ಕರಿ ಐದರಲ್ಲಿ, ಅಂದರೆ ಪೇಟಿಯ ಐದನೇ ಕರಿ ಮನೆಯನ್ನ (ಕೀ) ಷಡ್ಜ ಮಾಡಿಕೊಂಡು ಹಾಡುತ್ತಾಳೆ. ಪೇಟಿ ನುಡಿಸುತ್ತಿದ್ದರೆ ಒಂದು ತಪ್ಪೂ ಇಲ್ಲ. ಒಂದು ಸಂಜೆ ಅವಳು ಗಾಂಧಾರದ ಮೇಲೆ ನಿಂತಾಗ ನಾನು ಪೇಟಿಯಿಂದ ಕೈ ತೆಗೆದುಬಿಟ್ಟೆ. ಮೊಬೈಲಿನ ತಂಬೂರಿ ಮಾತ್ರ ಉಳಿಯಿತು. ದನಿ ಒಂದು ಕ್ಷಣ ನಿಂತಿತು, ಆಮೇಲೆ ಮೆಲ್ಲಗೆ ಇಳಿಯತೊಡಗಿತು. ಯಾರೂ ಏನೂ ಹೇಳಲಿಲ್ಲ. ಅವಳೇ ಹುಬ್ಬು ಗಂಟು ಹಾಕಿ ನಿಲ್ಲಿಸಿದಳು. 'ಸರ, ಇಳೀತಲ್ರಿ?' ಅಂದಳು. ಇಳಿದದ್ದು ಅವಳ ಕಿವಿಗೇ ಗೊತ್ತಾಯಿತು! ಆ ದಿನ ನಾವು ಬೇರೇನೂ ಮಾಡಲಿಲ್ಲ. ಷಡ್ಜದಿಂದ ಗಾಂಧಾರಕ್ಕೆ, ಮತ್ತೆ ಷಡ್ಜಕ್ಕೆ. ಹಿಂದೆ ಬರೀ ತಂಬೂರಿ. ಕೊನೆಗೆ ಒಂದು ಸಲ ನೆಟ್ಟಗೆ ನಿಂತಿತು. ಪಕ್ಕದಲ್ಲಿ ಕೂತಿದ್ದ ಮಕ್ಕಳೂ ತಾಳ ಹಾಕೋದು ಬಿಟ್ಟು ಅವಳನ್ನೇ ನೋಡಿದರು.

ಪೇಟಿ ಇಲ್ಲದೆ ನಮ್ಮ ಕಡೆ ಭಜನೆಯಿಲ್ಲ, ನಾಟಕವಿಲ್ಲ, ಪಾಠವಿಲ್ಲ. ಆದರೂ ಅದರ ಒಂದು ಮನೆಯಿಂದ ಇನ್ನೊಂದು ಮನೆಗೆ ದನಿ ಜಾರೋಕೆ ಬರೋದಿಲ್ಲ. ಹಾಗೆ ಜಾರುವ ಮೀಂಡ್ ಅದರಲ್ಲಿ ಇಲ್ಲ. ಇಂಥ ಕಾರಣಗಳಿಗೇ ಆಕಾಶವಾಣಿ 1940ರಲ್ಲಿ ಪೇಟಿಯನ್ನ ಹೊರಗಿಟ್ಟಿತ್ತು, 1971ರ ತನಕ. ಹೊರಗಿಡೋದು ಅತಿಯಾಯಿತು ಅನ್ನೋದು ನನ್ನ ಅಭಿಪ್ರಾಯ. ಆದರೆ ಪಾಠದ ಮಧ್ಯೆ ಕೈ ತೆಗೆಯಲೇಬೇಕು. ಇದನ್ನ ತಂದೆ ತಾಯಿಗೆ ತಿಳಿಸಿ ಹೇಳಬೇಕಾಗುತ್ತದೆ. 'ಸರ ಸುಮ್ನೆ ಕೂತಿದ್ರು, ಮಕ್ಕಳೇ ಹಾಡ್ತಿದ್ರು' ಅಂತ ಮನೆಯಲ್ಲಿ ಮಾತು ಬಂದದ್ದುಂಟು. ಆ ಸುಮ್ನೆ ಕೂರೋದೇ ಪಾಠದ ಕಷ್ಟದ ಭಾಗ.

ಆನ್‌ಲೈನ್ ಪಾಠಕ್ಕೂ ಆಗಾಗ ಕೇಳುತ್ತಾರೆ. ಬೆಂಗಳೂರು, ಹೈದರಾಬಾದಿಗೆ ಹೋದ ಹಳೆಯ ಮಕ್ಕಳಿಗೆ ಮಾತ್ರ ಹೇಳುತ್ತೇನೆ. ದನಿ ಅರೆಕ್ಷಣ ತಡವಾಗಿ ಬರುವುದರಿಂದ ಜೊತೆಯಲ್ಲಿ ಹಾಡೋಕೆ ಆಗೋದಿಲ್ಲ, ತಾಳ ಕೂರೋದಿಲ್ಲ. ಹೊಸಬರಿಗೆ ಅದು ಬೇಡ.

ಗಂಡುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹದಿಮೂರು ಹದಿನಾಲ್ಕಕ್ಕೆ ದನಿ ಒಡೆಯುತ್ತದೆ. ನಿನ್ನೆಯವರೆಗೆ ತಾರ ಷಡ್ಜ ಮುಟ್ಟುತ್ತಿದ್ದ ಹುಡುಗ ಇವತ್ತು ಮಧ್ಯಮಕ್ಕೇ ಒಡಕಲು. ಮನೆಯವರು 'ದನಿ ಹೋತು, ಸಾಕು ಬಿಡಿಸೋಣ' ಅಂತ ಬರುತ್ತಾರೆ. ಎಷ್ಟೋ ಒಳ್ಳೆಯ ಹಾಡುಗಾರರನ್ನ ನಾವು ಕಳಕೊಳ್ಳೋದು ಆ ವರ್ಷದಲ್ಲೇ. ದನಿ ಹೋಗಿರೋದಿಲ್ಲ, ಮನೆ ಬದಲಾಯಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಶ್ರುತಿ ಇಳಿಸಬೇಕು. ಕರಿ ಐದರಲ್ಲಿದ್ದವನು ನಿಧಾನಕ್ಕೆ ಬಿಳಿ ಒಂದು, ಕರಿ ಒಂದಕ್ಕೆ ಬಂದು ನಿಲ್ಲುತ್ತಾನೆ. ಅಲ್ಲಿಯವರೆಗೆ ಕೂಗಿಸಬಾರದು. ನಾನು ಆ ಹುಡುಗರಿಗೆ ತಬಲಾದ ಬೋಲ್ ಹೇಳಿಸುತ್ತೇನೆ, ತೀನ್‌ತಾಲದ 16 ಮಾತ್ರೆ ಎಣಿಸಿಸುತ್ತೇನೆ, ಪೇಟಿಯ ಮೇಲೆ ಬೆರಳು ಓಡಿಸುತ್ತೇನೆ. ಆ ತಿಂಗಳುಗಳಲ್ಲಿ ಅರ್ಧ ಫೀ ಸಾಕು ಅಂತಲೂ ಹೇಳಿದ್ದೇನೆ. ಹುಡುಗ ಬರೋದು ಬಿಡಬಾರದು, ಅಷ್ಟೇ.

ಸರ್ಟಿಫಿಕೇಟಿನ ಮಾತು ಬೇಗ ಮುಗಿಸುತ್ತೇನೆ. ಸಂಗೀತ ಪರೀಕ್ಷೆ ನಡೆಸುವ ಗಾಂಧರ್ವ ಮಂಡಲದ ಪ್ರಾರಂಭಿಕ, ಪ್ರವೇಶಿಕ, ಮಧ್ಯಮ ಪರೀಕ್ಷೆಗಳಿಗೆ ಮಕ್ಕಳನ್ನ ಕೂರಿಸುತ್ತೇನೆ. ಹೊರಗಿನ ಒಬ್ಬರ ಮುಂದೆ ಕೂತು ಹಾಡುವ ಧೈರ್ಯ ಬರುತ್ತದೆ, ಅದು ಒಳ್ಳೆಯದು. ಆದರೆ ವರ್ಷಕ್ಕೊಂದು ಸರ್ಟಿಫಿಕೇಟು ಬರಲೇಬೇಕು ಅನ್ನುವವರಿಗೆ ಒಪ್ಪುವುದಿಲ್ಲ. ಭೂಪದ ಗಾಂಧಾರ ನಿಲ್ಲದ ಮಗುವನ್ನ ಮುಂದಿನ ರಾಗಕ್ಕೆ ಯಾಕೆ ದೂಡಬೇಕು?

ನನ್ನ ಕ್ಲಾಸಿನಲ್ಲಿ ಒಂದು ತಿಂಗಳೂ ಫೀ ತಡ ಮಾಡದವರು ಒಬ್ಬ ಅಮ್ಮ. ಅರವತ್ತು ದಾಟಿದೆ. ಭಾನುವಾರ ಮಧ್ಯಾಹ್ನ ಬರುತ್ತಾರೆ. ಮೊದಲ ದಿನವೇ ಹೇಳಿದರು: 'ನನಗ ಪರೀಕ್ಷೆ ಬ್ಯಾಡ್ರಿ, ಸ್ಟೇಜ್ ಬ್ಯಾಡ್ರಿ. ನಮ್ಮವ್ವ ಹಾಡ್ತಿದ್ದ ಪದ ನನ್ನ ದನಿಯಾಗ ಬರಬೇಕು, ಅಷ್ಟ.' ಮದುವೆಯಾಗಿ ಬಂದ ಮನೆಯಲ್ಲಿ ಸೊಸೆ ದನಿ ಎತ್ತುವ ಹಾಗಿರಲಿಲ್ಲವಂತೆ. ಈಗ ಮಗ ತಾನೇ ಸ್ಕೂಟರಿನಲ್ಲಿ ಕರೆದುಕೊಂಡು ಬಂದು ಬಿಡುತ್ತಾನೆ. ಅವರ ದನಿ ಬಹಳ ತಗ್ಗು. ಅವರಿಗೆ ಹೊಂದುವ ಶ್ರುತಿ ಹುಡುಕೋದರಲ್ಲೇ ಎರಡು ಭಾನುವಾರ ಹೋಯಿತು. ಸಿಕ್ಕ ದಿನ ಅವರು ಒಂದು ಪದದ ಪಲ್ಲವಿಯನ್ನ ತಡೆಯಿಲ್ಲದೆ ಹಾಡಿದರು. ಉಸಿರು ಎಲ್ಲಿ ತಗೋಬೇಕು ಅಂತ ಮಾತ್ರ ನಾನು ತೋರಿಸಿದೆ. ಉಳಿದದ್ದೆಲ್ಲ ಅವರೊಳಗೇ ಇತ್ತು. ಇಂಥ ಹೆಂಗಸರು ಪ್ರತಿ ಓಣಿಯಲ್ಲೂ ಇದ್ದಾರೆ. ಕಲಿಸುವವರು ಮಕ್ಕಳಿಗಷ್ಟೇ ಬೋರ್ಡು ಹಾಕದೆ ಇವರಿಗೂ ಮಧ್ಯಾಹ್ನದ ಒಂದು ಹೊತ್ತು ಇಡಬೇಕು. ಫೀ ದೃಷ್ಟಿಯಿಂದಲೂ ಹೇಳುತ್ತಿದ್ದೇನೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಪರೀಕ್ಷೆ, ರಜೆ ಅಂತ ಇವರು ನಿಲ್ಲಿಸೋದಿಲ್ಲ.

ಸುಗ್ಗಿ ಬಂದರೆ ನನಗೆ ಎರಡು ಕೆಲಸ. ರೈಸ್ ಮಿಲ್ಲುಗಳ ತೌಡಿನ ಧೂಳು ಊರ ತುಂಬ. ಕಿಟಕಿ ಮುಚ್ಚಿದರೂ ಪೇಟಿಯೊಳಗೆ ಹೋಗುತ್ತದೆ. ರೀಡಿನ ನಾಲಿಗೆಯ ಕೆಳಗೆ ಒಂದು ಕಣ ಸಿಕ್ಕಿಕೊಂಡರೆ ಆ ಸ್ವರ ಮೂಕ. ಮೇಲಿನ ಹಲಗೆ ಬಿಚ್ಚಿ, ತೆಳು ಕಾಗದದ ಪಟ್ಟಿಯನ್ನ ನಾಲಿಗೆಯ ಕೆಳಗೆ ಜಾರಿಸಿ, ಮೆಲ್ಲಗೆ ಎಳೆಯಬೇಕು. ದೊಡ್ಡ ಮಕ್ಕಳಿಗೂ ಅದನ್ನ ಕಲಿಸಿದ್ದೇನೆ.

ಎರಡನೆಯದು ಖಾತೆ. ಇದನ್ನ ಬರೆಯಬೇಕೋ ಬೇಡವೋ ಅಂತ ಯೋಚನೆಯಿತ್ತು. ಬೆಳಗ್ಗೆ ಅಂಗಡಿಯಲ್ಲಿ ನಾನು ಬರೆಯುವ ಖಾತೆಯಲ್ಲಿ ನನ್ನ ಪಾಠದ ಮಕ್ಕಳ ಅಪ್ಪಂದಿರ ಹೆಸರೂ ಇವೆ. ಗೊಬ್ಬರಕ್ಕೆ ಎಷ್ಟು ಮುಂಗಡ ತಗೊಂಡರು, ಎಷ್ಟು ಚೀಲ ಭತ್ತ ಹಾಕಿದರು, ಬಡ್ಡಿ ಕಳೆದು ಕೈಗೆ ಎಷ್ಟು ಹೋಯಿತು, ಎಲ್ಲ ನನ್ನ ಅಕ್ಷರದಲ್ಲೇ. ಸಂಜೆ ಅದೇ ಮನೆಯ ಮಗು ಎದುರಿಗೆ ಕೂತು ಸಾ ಹಿಡಿಯುತ್ತದೆ. ಯಾರ ಮನೆಯಲ್ಲಿ ಈ ಸಲ ದುಡ್ಡಿದೆ, ಯಾರ ಮನೆಯಲ್ಲಿ ಇಲ್ಲ ಅಂತ ಅವರ ಹೆಂಡತಿಯರಿಗಿಂತ ಮೊದಲು ನನಗೆ ಗೊತ್ತಿರುತ್ತದೆ. ದುಡ್ಡು ಬಂದವರ ಮನೆಗೆ ಅವತ್ತೇ ಫೋನ್ ಮಾಡಿ ಬಾಕಿ ಕೇಳಬಹುದು. ನಾನು ಹಾಗೆ ಮಾಡುವುದಿಲ್ಲ. ಅಂಗಡಿಯಲ್ಲಿ ನೋಡಿದ್ದು ಅಂಗಡಿಯಲ್ಲೇ ಇರಬೇಕು. ಸಾಹುಕಾರರ ನಂಬಿಕೆ ಒಂದು ಕಡೆ, ರೈತರ ಮಾನ ಇನ್ನೊಂದು ಕಡೆ. ಫೀ ಕೇಳೋದು ಎಲ್ಲರಿಗೂ ಒಂದೇ ದಿನ, ಒಂದೇ ಮಾತಿನಲ್ಲಿ.

ಆದರೆ ಖಾತೆ ಬರೆದದ್ದರಿಂದ ಒಂದು ಕಲಿತೆ. ರೈತರ ಮನೆಗೆ ತಿಂಗಳ ಫೀ ಹೊಂದೋದಿಲ್ಲ. ತಿಂಗಳು ತಿಂಗಳು 600 ಕೇಳಿದರೆ ಅವರಿಗೆ ಪ್ರತಿ ತಿಂಗಳೂ 'ಮುಂದಿನ ತಿಂಗಳ ಕೊಡ್ತೀನ್ರಿ' ಅನ್ನಬೇಕಾದ ಸಂಕಟ. ಎರಡು ಮೂರು ಸಲ ಹಾಗೆ ಆದ ಮೇಲೆ ನಾಚಿಕೆಗೆ ಮಗುವನ್ನೇ ಕಳಿಸೋದು ನಿಲ್ಲಿಸುತ್ತಾರೆ. ದುಡ್ಡಿಲ್ಲದ್ದಕ್ಕಿಂತ ಆ ನಾಚಿಕೆಗೇ ನಿಂತ ಮಕ್ಕಳು ಜಾಸ್ತಿ.

ಹಾಗಾಗಿ ಈ ಜೂನಿನಿಂದ ಹೊಸ ಪದ್ಧತಿ ಮಾಡಿದ್ದೇನೆ. ಸಂಬಳದವರಿಗೆ ತಿಂಗಳಿಗೆ 700, ಹತ್ತನೇ ತಾರೀಕಿನೊಳಗೆ. ರೈತರ ಮನೆಯವರಿಗೂ ಅದೇ ದರ, ಆದರೆ ಎರಡು ಕಂತು. ಡಿಸೆಂಬರಿನಲ್ಲಿ ಭತ್ತ ಮಾರಿದ ಮೇಲೆ ಒಂದು, ಎರಡನೇ ಬೆಳೆ ಬಂದರೆ ಮೇ ತಿಂಗಳಲ್ಲಿ ಇನ್ನೊಂದು. ಎರಡನೇ ಬೆಳೆ ಇಲ್ಲದ ವರ್ಷ ಎರಡನೇ ಕಂತು ಮುಂದಿನ ಡಿಸೆಂಬರಿಗೆ ಹೋಗುತ್ತದೆ. ಮಗುವಿನ ಪಾಠ ನಿಲ್ಲುವುದಿಲ್ಲ. ನಾನೂ ಅಂಗಡಿಯ ಸಂಬಳವಿರುವ ಕಾರಣಕ್ಕೆ ಇಷ್ಟು ದಿನ ಕಾಯಬಲ್ಲೆ. ಬರೀ ಪಾಠದ ಮೇಲೆ ಇರುವವರಿಗೆ ಇದನ್ನ ಮಾಡಿ ಅಂತ ನಾನು ಹೇಳಲಾರೆ.

100 ರೂಪಾಯಿ ಜಾಸ್ತಿ ಮಾಡಿದ್ದಕ್ಕೆ ಇಬ್ಬರು ಮಕ್ಕಳನ್ನ ಬಿಡಿಸಿದರು. ಕಂತಿನ ಮಾತು ಕೇಳಿ, ಹೋದ ವರ್ಷ ನಿಂತಿದ್ದ ಮೂವರು ತಿರುಗಿ ಬಂದರು. ಅವರಲ್ಲಿ ಒಬ್ಬ, ದನಿ ಒಡೆದ ಹುಡುಗ. ಈಗ ಬಿಳಿ ಒಂದರಲ್ಲಿ ಹಾಡುತ್ತಿದ್ದಾನೆ. ಅವರಪ್ಪ ಕಂತಿನ ವಿಷಯ ಕೇಳಿದವರೇ ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ನನ್ನ ಕೈಗಿಟ್ಟರು. 'ಇದ್ರಾಗ ಬರ್ದಿಡ್ರಿ ಸರ, ಎಷ್ಟಾತು ಅಂತ. ಡಿಸೆಂಬರ್‌ನ್ಯಾಗ ನೋಡೂಣಂತ.' ಜೂನ್, 700 ಅಂತ ಬರೆದು ತಿರುಗಿ ಕೊಟ್ಟೆ.